ತಪ್ಪು ಅಲ್ಗಾರಿದಂದಲ್ಲ, ಗುರಿ ಬರೆದವರದು

ಮಾನ್ಯರೇ,

ಜೆನೆಟಿಕ್ ಅಲ್ಗಾರಿದಂ ಎಂಬ ಎಐ ವಿಧಾನದಿಂದ ಸಮಯ ಹೊಂದಿಸಿದ ಸರ್ಕಲ್ಲಿನ ಹೊಸ ಸಿಗ್ನಲ್ ಕುರಿತ ನಿನ್ನೆಯ ವರದಿಯಲ್ಲಿ ಅಧಿಕಾರಿಗಳು ‘ಎಐ ಎಡವಿದೆ’ ಎಂದು ಕೈತೊಳೆದುಕೊಂಡಿದ್ದಾರೆ. ಇದು ಶುದ್ಧ ಸುಳ್ಳು. ಅಡ್ಡರಸ್ತೆಗೆ ಹಸಿರು ಬರುವುದೇ ಅಪರೂಪ, ಬಂದರೂ ನಾಲ್ಕು ಗಾಡಿ ದಾಟುವಷ್ಟರಲ್ಲಿ ಕೆಂಪು. ವಯಸ್ಸಾದವರು ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತಿದ್ದಾರೆ, ಶಾಲೆ ಮಕ್ಕಳ ಬಸ್ಸು ತಡವಾಗುತ್ತಿದೆ, ಆಂಬುಲೆನ್ಸೂ ಅದೇ ಸಾಲಿನಲ್ಲಿ.

ಜೆನೆಟಿಕ್ ಅಲ್ಗಾರಿದಂ ಜೀವವಿಕಾಸದ ಹಾಗೆ ಹಲವು ಪರಿಹಾರಗಳನ್ನು ಹುಟ್ಟಿಸಿ, ಒಳ್ಳೆಯವನ್ನು ಉಳಿಸಿ, ಬೆರೆಸಿ, ಬದಲಿಸುತ್ತಾ ಪೀಳಿಗೆಗಳನ್ನು ದಾಟುತ್ತದೆ. ತನಗೆ ಕೊಟ್ಟ ಫಿಟ್‌ನೆಸ್ ಫಂಕ್ಷನ್ನಿನಲ್ಲಿ, ಅಂದರೆ ಅಂಕ ಕೊಡುವ ಸೂತ್ರದಲ್ಲಿ, ಅಂಕ ಗಳಿಸುತ್ತದೆ, ಬೇರೇನೂ ಅದಕ್ಕೆ ಗೊತ್ತಿಲ್ಲ. ಇಲ್ಲಿ ಕೊಟ್ಟ ಗುರಿ ‘ಸರಾಸರಿ ಕಾಯುವ ಸಮಯ ಇಳಿಸು’ ಎಂಬುದೊಂದೇ. ಮುಖ್ಯರಸ್ತೆಯಲ್ಲಿ ಗಂಟೆಗೆ 2000 ವಾಹನ, ಅಡ್ಡರಸ್ತೆಯಲ್ಲಿ 150 ಎಂದಿಟ್ಟುಕೊಳ್ಳಿ. ಅಡ್ಡರಸ್ತೆಯವರನ್ನು ಕೊಳೆಹಾಕಿದರೂ ಸರಾಸರಿ ಚೆನ್ನಾಗಿಯೇ ಕಾಣಬಹುದು. 1994ರಲ್ಲೇ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಕಾರ್ಲ್ ಸಿಮ್ಸ್ ಕಂಪ್ಯೂಟರಿನೊಳಗೆ ಜೀವಿಗಳನ್ನು ವಿಕಾಸಗೊಳಿಸುವಾಗ, ವೇಗಕ್ಕೆ ಅಂಕ ಎಂದರೆ ನಡೆಯುವುದನ್ನು ಕಲಿಯದೆ ಎತ್ತರಕ್ಕೆ ಬೆಳೆದು ಬರೀ ಬೀಳುವ ಜೀವಿಗಳು ಹುಟ್ಟುವುದನ್ನು ಕಂಡಿದ್ದರು. ಈ ಪಾಠ ಅಷ್ಟು ಹಳೆಯದು.

ಗರಿಷ್ಠ ಕಾಯುವಿಕೆಯನ್ನು ಎರಡನೇ ಗುರಿಯಾಗಿ ಇಡಬೇಕಿತ್ತು. ಎರಡು ಗುರಿಗಳನ್ನು ಒಟ್ಟಿಗೆ ತೂಗುವ ಎನ್‌ಎಸ್‌ಜಿಎ-2 ವಿಧಾನವನ್ನು ಕಲ್ಯಾಣ್ಮಯ್ ದೇಬ್ ತಂಡ ನಮ್ಮ ಕಾನ್ಪುರ ಐಐಟಿಯಲ್ಲೇ ರೂಪಿಸಿ 2002ರಲ್ಲಿ ಪ್ರಕಟಿಸಿತು. ಪಾದಚಾರಿ ಸಮಯವನ್ನಂತೂ ವಿಕಾಸದ ಕೈಗೆ ಕೊಡಲೇಬಾರದು: 14 ಮೀಟರ್ ರಸ್ತೆ, ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದರೆ ಸುಮಾರು 12 ಸೆಕೆಂಡು ಬೇಕೇ ಬೇಕು, ವೃದ್ಧರಿಗೆ ಇನ್ನೂ ಹೆಚ್ಚು. ಮ್ಯುಟೇಶನ್ (ಮೌಲ್ಯಗಳ ಯಾದೃಚ್ಛಿಕ ಬದಲಾವಣೆ) ಆದ ಮೇಲೆ ಅದಕ್ಕಿಂತ ಕಡಿಮೆ ಬಂದ ಪ್ರತಿ ಮೌಲ್ಯವನ್ನೂ ಆ ಮಿತಿಗೆ ಎಳೆದು ನಿಲ್ಲಿಸಬೇಕು.

ಇನ್ನೊಂದು ಅನುಮಾನವಿದೆ. ಪ್ರತಿ ಪರಿಹಾರವನ್ನೂ, ಅಂದರೆ ಸಿಗ್ನಲ್ ಸಮಯದ ಪ್ರತಿ ಹೊಂದಾಣಿಕೆಯನ್ನೂ, ಸಂಚಾರವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಒಂದೇ ಸಲ ಓಡಿಸಿ ಅಂಕ ಕೊಟ್ಟಿದ್ದರೆ, ಆ ಓಟದಲ್ಲಿ ಸಂಚಾರ ವಿರಳವಾಗಿದ್ದುದರ ಅದೃಷ್ಟದಿಂದ ಗೆದ್ದದ್ದು ಎಲಿಟಿಸಂ (ಉತ್ತಮ ಪರಿಹಾರವನ್ನು ಹಾಗೇ ಉಳಿಸಿಕೊಳ್ಳುವ ನಿಯಮ) ಕಾರಣ ಪೀಳಿಗೆಯಿಂದ ಪೀಳಿಗೆಗೆ ಹಾಗೇ ಉಳಿದುಬಿಡುತ್ತದೆ. ಪ್ರತಿ ಸಲ ಸಂಚಾರ ಬೇರೆಯಾಗುವಂತೆ ಬೇರೆ ಬೇರೆ ರ‍್ಯಾಂಡಮ್ ಸೀಡ್ (ಆರಂಭಿಕ ಸಂಖ್ಯೆ) ಕೊಟ್ಟು ಹತ್ತು ಸಲವಾದರೂ ಓಡಿಸಿದ್ದಾರೆಯೇ? ಮಳೆಗಾಲದ ದಟ್ಟಣೆ, ಹಬ್ಬದ ದಟ್ಟಣೆ ಸೇರಿಸಿದ್ದಾರೆಯೇ?

ರಸ್ತೆಯಡಿ ಹೂತ ಸೆನ್ಸರುಗಳನ್ನು ಮರುಡಾಂಬರಿನಲ್ಲಿ ಕಿತ್ತುಹಾಕಿದ್ದೂ ಇವರೇ. ಕೌಂಟ್‌ಡೌನ್ ಫಲಕ ಕೆಟ್ಟಾಗಲೂ ‘ತಾಂತ್ರಿಕ ದೋಷ’ ಎಂದಿದ್ದರು. ಸಹಾಯವಾಣಿ ಎತ್ತುವವರೇ ಇಲ್ಲ.

ಫಿಟ್‌ನೆಸ್ ಫಂಕ್ಷನ್ನನ್ನು ಜನರ ಮುಂದಿಡಿ, ಇಲ್ಲವೇ ಹಳೆಯ ಸಮಯಕ್ಕೇ ಮರಳಿ. ಎರಡೂ ಆಗದಿದ್ದರೆ ಸರ್ಕಲ್ಲಿನಲ್ಲಿ ಒಬ್ಬ ಪೊಲೀಸನನ್ನಾದರೂ ನಿಲ್ಲಿಸಿ. ತಾವು ಬರೆದ ಗುರಿಯನ್ನು ತಾವೇ ಓದದವರು ಯಂತ್ರವನ್ನು ಬೈಯುವುದನ್ನು ಮೊದಲು ನಿಲ್ಲಿಸಲಿ.

— ಓರ್ವ ಓದುಗ