ಎಂಟು ಊರು ಬೇಡ, ನಾಲ್ಕು ಸಾಕು

ಮ್ಯೂನಿಕ್, ಭಾನುವಾರ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ.

ಅಪ್ಪ, ನೀವು ಕಳಿಸಿದ ಇಟಲಿ ಪಟ್ಟಿ ನೋಡಿದೆ. 10 ದಿನಕ್ಕೆ 8 ಊರು! ಹಾಗೆ ಹೊರಟರೆ ನಾವು ನೋಡುವುದು ರೈಲ್ವೆ ಸ್ಟೇಷನ್ ಮಾತ್ರ. ಅಮ್ಮನ ಮಂಡಿ ನೋವು ಬೇರೆ. ಶ್ರವಣಬೆಳಗೊಳದ ಬೆಟ್ಟ ಹತ್ತಿ ಬಂದು ಮೂರು ದಿನ ಮಲಗಿದ್ದು ಮರೆತುಹೋಯಿತಾ? ನಾಲ್ಕು ಊರು ಇಟ್ಟುಕೊಂಡು ಉಳಿದದ್ದಕ್ಕೆ ಗೀಟು ಹಾಕಿದ್ದೇನೆ. ಬೈಯಬೇಡಿ.

ಸೆಪ್ಟೆಂಬರ್ ಕೊನೆಗೆ ಹೋಗೋಣ, ಬಿಸಿಲು ಇಳಿದಿರುತ್ತದೆ. ಇಲ್ಲಿಂದ ಆಲ್ಪ್ಸ್ ದಾಟಿ ವೆನಿಸ್‌ಗೆ ರೈಲಿನಲ್ಲಿ ಸುಮಾರು ಏಳು ಗಂಟೆ. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ದೊಡ್ಡ ಕಾಲುವೆ. ಕಾರಿಲ್ಲ, ಆಟೋ ಇಲ್ಲ. ಸೇತುವೆಗಳಿಗೆಲ್ಲ ಮೆಟ್ಟಿಲು. ಅಮ್ಮ, ನಿನ್ನ ದೊಡ್ಡ ಸೂಟ್‌ಕೇಸ್ ನಮ್ಮ ಮನೆಯಲ್ಲೇ ಇರಲಿ. ಚಟ್ನಿಪುಡಿ ಡಬ್ಬಿ ಬೇಕಾದರೆ ಕೈಚೀಲದಲ್ಲಿ ಇಟ್ಟುಕೋ. ಹುಟ್ಟು ಹಾಕುವ ಗೊಂಡೊಲಾ ದೋಣಿಗೆ ಅರ್ಧ ಗಂಟೆಗೆ 90 ಯೂರೋ, ಸುಮ್ನೆ ದುಡ್ಡು ದಂಡ. ಊರಿನವರು ಓಡಾಡುವ ವ್ಯಾಪೊರೆಟ್ಟೊ ದೋಣಿಯೂ ಅದೇ ಕಾಲುವೆಯಲ್ಲಿ ಹೋಗುತ್ತದೆ.

ಫ್ಲಾರೆನ್ಸ್ ಮಾತ್ರ ಅಪ್ಪನಿಗೋಸ್ಕರ. ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ 1436ರಲ್ಲಿ ಮುಗಿದದ್ದು. ಕಟ್ಟಿಸಿದವನು ಬ್ರುನೆಲ್ಲೆಸ್ಕಿ. ಅಷ್ಟು ದೊಡ್ಡ ಗುಮ್ಮಟಕ್ಕೆ ನೆಲದಿಂದ ಸೆಂಟ್ರಿಂಗೇ ಕೊಟ್ಟಿಲ್ಲ! ಇಟ್ಟಿಗೆಯನ್ನು ಮೀನಿನ ಮುಳ್ಳಿನ ಹಾಗೆ ಹೆಣೆದುಕೊಂಡು ಸುತ್ತು ಸುತ್ತಾಗಿ ಮೇಲೆ ಹೋಗಿದ್ದಾರೆ. ಒಳಗೊಂದು ಚಿಪ್ಪು, ಹೊರಗೊಂದು ಚಿಪ್ಪು. ಹತ್ತುವ ದಾರಿ ಇರುವುದು ಅವೆರಡರ ನಡುವೆ. 463 ಮೆಟ್ಟಿಲು, ಲಿಫ್ಟ್ ಇಲ್ಲ. ನೀವು ಹತ್ತಿ ಬನ್ನಿ, ನಾನೂ ಅಮ್ಮನೂ ಕೆಳಗೆ ಜೆಲಾಟೊ, ಅಂದರೆ ಇಲ್ಲಿನ ಐಸ್‌ಕ್ರೀಮ್, ತಿನ್ನುತ್ತಾ ಕೂತಿರುತ್ತೇವೆ. ಗೋಲ್ ಗುಂಬಜ್‌ನಲ್ಲಿ ನನಗೆ ಕಮಾನಿನ ಲೆಕ್ಕ ಹೇಳಿಕೊಟ್ಟು ತಲೆ ತಿಂದಿದ್ದಿರಲ್ಲ, ಇಳಿದು ಬಂದ ಮೇಲೆ ಇದನ್ನೂ ಹೇಳಿ.

ಪೀಸಾ ಅಲ್ಲಿಂದ ಒಂದು ಗಂಟೆ ದಾರಿ, ಮನಸ್ಸಾದರೆ ನೋಡೋಣ. ಆ ಚಿಕ್ಕ ರೈಲುಗಳ ಕಾಗದದ ಟಿಕೆಟ್‌ಗೆ ಹತ್ತುವ ಮೊದಲೇ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸಬೇಕು. ಕಳೆದ ವರ್ಷ ನಾನು ಮರೆತು ದಂಡ ಕಟ್ಟಿದೆ. ನಿಮಗೆ ಹೇಳಿರಲಿಲ್ಲ.

ರೋಮ್‌ನಲ್ಲಿ ಮೂರು ರಾತ್ರಿ. ಕೊಲೋಸಿಯಮ್ ಟಿಕೆಟ್ ಮೇಲೆ ಹೆಸರು ಇರುತ್ತದೆ, ಅದು ಪಾಸ್‌ಪೋರ್ಟಿಗೆ ತಾಳೆಯಾಗಬೇಕು. ಅಪ್ಪನ ಇನಿಷಿಯಲ್ ಅದರಲ್ಲಿ ಬಿಡಿಸಿ ಬರೆದಿದ್ದಾರಾ? ಆ ಪುಟದ ಫೋಟೋ ಕಳಿಸಿ.

ಕೊನೆಗೆ ಸಮುದ್ರ. ನೀವು ಬರೆದಿದ್ದ ಚಿಂಕ್ವೆ ತೆರ್ರೆ, ಅಂದರೆ ಕಡಲ ದಂಡೆಯ ಐದು ಹಳ್ಳಿಗಳು, ಚೆಂದವೇ, ಆದರೆ ಅಲ್ಲಿನ ಕೊರ್ನಿಲಿಯಾ ಊರಿಗೆ ಸ್ಟೇಷನ್ನಿನಿಂದ 382 ಮೆಟ್ಟಿಲು. ಅದರ ಬದಲು ಸಲೆರ್ನೊದಲ್ಲಿ ಉಳಿದು ಅಮಾಲ್ಫಿಗೆ ಹೋಗೋಣ. ಬಸ್ ಬೇಡ, ರಸ್ತೆ ಆಗುಂಬೆ ಘಾಟಿಯ ಹಾಗೆ ತಿರುವೋ ತಿರುವು. ಅಮ್ಮನ ಕಥೆ ಗೊತ್ತಲ್ಲ. ದೋಣಿಯಲ್ಲಿ ಹೋದರೆ ಬಂಡೆಗೆ ಅಂಟಿಕೊಂಡ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ನಿಂಬೆ ತೋಟ, ಎಲ್ಲ ಕೂತಲ್ಲೇ ಕಾಣುತ್ತವೆ.

ಊಟದ ಚಿಂತೆ ಬೇಡ ಅಮ್ಮ. ಪಾರ್ಮಿಜಾನೊ ಚೀಸ್ ಮಾಡಲು ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದು ನಿನಗಾಗದು. ಆದರೆ ಮರಿನಾರಾ ಪಿಜ್ಜಾದಲ್ಲಿ ಚೀಸೇ ಇರುವುದಿಲ್ಲ. ಬೆಳ್ಳುಳ್ಳಿ ಇರುತ್ತದೆ, ಅಜ್ಜಿಗೆ ಹೇಳಬೇಡ.

ಹೊಸ ಶೂ ಈಗಲೇ ತಗೊಂಡು ದಿನಾ ಕೆರೆ ಏರಿ ಮೇಲೆ ಹಾಕಿಕೊಂಡು ನಡೆ. ರೋಮ್‌ನ ಕಲ್ಲುಹಾಸಿನ ಮೇಲೆ ನಿನ್ನ ಹವಾಯಿ ಚಪ್ಪಲಿ ನಡೆಯುವುದಿಲ್ಲ.

ನಿಮ್ಮ ಮಗಳು