ಕೌದಿ ಹೊಲಿದವಳು ನಾನೊಬ್ಬಳೇ ಅಲ್ಲ

ನಮ್ಮ ಹವ್ಯಕರ ಮನೆಮಾತು ಹವಿಗನ್ನಡ. ಅದರ ಮರೆಯಾಗ್ತಿರೋ ಪದಗಳನ್ನು ಕೌದಿಯ ಮೇಲೆ ಹೊಲಿದು ಶಿರಸಿಯಲ್ಲಿ ಇಟ್ಟ ಪ್ರದರ್ಶನ ಮುಗಿದು ವಾರವಾಯಿತು. ಸೂಜಿ ಚುಚ್ಚಿದ ಬೆರಳು ಮಾಗಿದೆ, ಹೇಳಬೇಕಾದ ಥ್ಯಾಂಕ್ಸ್ ಮಾತ್ರ ಹಾಗೇ ಬಾಕಿ ಇದೆ.

ಮೊದಲು ಯಲ್ಲಾಪುರ ಕಡೆಯ, ಸಿದ್ದಿ ಸಮುದಾಯದ ಅಕ್ಕನಿಗೆ. ಕೌದಿ ಹೊಲಿಯೋದು ನಂಗೆ ಬರುತ್ತೆ ಅಂತ ಜಂಬದಲ್ಲೇ ಹೋಗಿದ್ದೆ. ಅವರು ನೋಡಿ ನಕ್ಕು ಎಲ್ಲ ಬಿಚ್ಚಿಸಿದರು. ಅಂಚಿನಿಂದ ಶುರು ಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕಂತೆ. ಕೊನೆಗೆ ಮೂಲೆಗಳಿಗೆ ಫುಲಾ. ಚೂರು ಬಟ್ಟೆ ಮಡಚಿ ಒಂದರ ಮೇಲೊಂದು ಕೂರಿಸೋ ಹೂವು ಅದು. ಅದಿಲ್ಲದ ಕೌದಿ ಬೆತ್ತಲೆ ಅಂದರು. ಅವರ ಹಿರಿಯರು ಆಫ್ರಿಕಾದಿಂದ ತಂದ ನುಡಿ ಉಳಿದಿಲ್ಲ, ಈಗ ಮನೆಮಾತು ಅವರದೇ ಧಾಟಿಯ ಕೊಂಕಣಿ. ಅಂಥವರ ಎದುರು ಕೂತು ನನ್ನ ಹವಿಗನ್ನಡ ಹೋಗ್ತಿದೆ ಅಂತ ಗೋಳಾಡೋಕೆ ನಾಚಿಕೆಯಾಯಿತು.

ಈ ಹುಚ್ಚು ಹಿಡಿದದ್ದು 2025ರ ಫೆಬ್ರವರಿಯಲ್ಲಿ, ಅಂಕೋಲೆಯ ಸುಕ್ರಿ ಬೊಮ್ಮಗೌಡ ತೀರಿಕೊಂಡಾಗ. ಹಾಲಕ್ಕಿ ಒಕ್ಕಲಿಗರ ಅಷ್ಟೊಂದು ಹಾಡು ಆ ಅಜ್ಜಿಯ ನಾಲಿಗೆ ಮೇಲಿದ್ದವು. 2017ರಲ್ಲಿ ಪದ್ಮಶ್ರೀ ಬಂದಾಗ ಫೋಟೊ ಶೇರ್ ಮಾಡಿದವರಲ್ಲಿ ನಾನೂ ಒಬ್ಬಳು. ಘಟ್ಟ ಇಳಿದರೆ ಅಂಕೋಲೆ. ಒಂದು ಸಲವೂ ಹೋಗಲಿಲ್ಲ.

ಆಮೇಲೆ ಮರೆಯಾಗ್ತಿರೋ ಪದಗಳ ಪಟ್ಟಿ ಹಿಡಿದು ಆಯಿಯ ಎದುರು ಕೂತೆ. ಆಯಿ ಮೊದಲು ಹೇಳಿದ್ದೇ 'ಕೊಟ್ಟೆ'. ಕೊಳೆರೋಗ ಬಾರದಿರಲಿ ಅಂತ ಮಳೆಗಾಲಕ್ಕೆ ಅಡಿಕೆ ಕೊನೆಗೆ ಕಟ್ಟುತ್ತಿದ್ದ ಹೊದಿಕೆ. ಅಡಿಕೆ ಕೊಯ್ಯೋ ಕೊನೆಗೌಡ ಮರ ಹತ್ತಿ ಒಂದೊಂದಾಗಿ ಕಟ್ಟಬೇಕಿತ್ತು. ಮೈಲುತುತ್ತ, ಸುಣ್ಣ ಕಲಸಿ ಹೊಡೆಯೋದು ಬಂತು, ಕೊಟ್ಟೆ ಹೋಯಿತು. ಈಗ ನಮ್ಮೂರ ಮಕ್ಕಳಿಗೆ ಕೊಟ್ಟೆ ಅಂದರೆ ಪ್ಲಾಸ್ಟಿಕ್ ಚೀಲ! ಆ ಎರಡಕ್ಷರವನ್ನು ನಾನು ಪ್ಲಾಸ್ಟಿಕ್ ಚೀಲ ಕತ್ತರಿಸಿಯೇ ಹೊಲಿದೆ. ಆಯಿಗೆ ಅದು ಇವತ್ತಿಗೂ ಹಿಡಿಸಿಲ್ಲ.

ಚೂರು ಬಟ್ಟೆ ಎತ್ತಿಟ್ಟ ಟೈಲರ್‌ಗಳಿಗೆ, ಬಾಡಿಗೆ ಕೇಳದ ಆಟೋ ಅಣ್ಣನಿಗೆ ನಮಸ್ಕಾರ.

ಎರಡನೇ ದಿನ ಮಳೆ ಹೊಡೆದು ಹಾಲ್ ಸೋರಿತು. ಸೋರುತ್ತೆ ಅಂತ ಮೊದಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಕ್ಯಾಂಟೀನಿನ ಹುಡುಗರು ಓಡಿ ಬಂದು ಟಾರ್ಪಾಲು ಹಿಡಿದು ನಿಂತರು, ಮುಕ್ಕಾಲು ಗಂಟೆ. ಕೆಂಪು ಬಟ್ಟೆಯ ಬಣ್ಣ ಬಿಟ್ಟು 'ಆಸ್ರಿ' ಅನ್ನೋ ಪದದ ಮೇಲೆಲ್ಲ ಹರಿದಿದೆ. ಬಂದವರಿಗೆ ಬಾಯಾರಿಕೆಗೆ ಕೊಡೋದು ಆಸ್ರಿ. ಕೋಕಂ ಚೆಲ್ಲಿದ ಹಾಗಿದೆ, ಇರಲಿ ಅಂತ ಬಿಟ್ಟೆ.

ಮೇಜಿನ ಮೇಲೆ ಸೂಜಿ ದಾರ ಇಟ್ಟಿದ್ದೆ, ಬಂದವರೂ ಹೊಲಿಯಲಿ ಅಂತ. ಎಷ್ಟು ಜನ ನನ್ನ ಕಾಗುಣಿತ ತಿದ್ದಿದಿರಿ! ಆದರೆ ಕುಮಟಾದಿಂದ ಬಂದ ಅಜ್ಜಿಯನ್ನು ಮರೆಯಲಾರೆ. ಕೌದಿಯ ಸುತ್ತ ಒಂದು ಸುತ್ತು ಹಾಕಿ, "ನಂಗ ಇನ್ನೂ ಮಕ್ಕಳಿಗೆ ಇದ್ರಲ್ಲೇ ಬೈತ್ಯ. ನೀ ಎಂತಕ್ಕೆ ಈಗ್ಲೇ ತಿಥಿ ಮಾಡ್ತೆ ಕೂಸೆ?" ಅಂದರು. ಉತ್ತರ ಹೊಳೆಯಲಿಲ್ಲ. ಕನ್ನಡಕ ಏರಿಸಿ, ಸೂಜಿ ಪೋಣಿಸಿಕೊಂಡು, ಒಂದು ಬೈಗುಳ ಹೊಲಿದು ಹೋದರು. ಅದನ್ನಿಲ್ಲಿ ಬರೆಯೋ ಹಾಗಿಲ್ಲ.

ಮಾರ್ತೀಯಾ ಅಂತ ಮೂವರು ಕೇಳಿದಿರಿ. ಇಲ್ಲ, ಆಯಿ ಹೊದ್ದುಕೊಂಡು ಮಲಗಿದ್ದಾಳೆ. ಮಳೆಯ ಗಡಿಬಿಡಿಯಲ್ಲಿ ಒಂದು ಮೂಲೆಯ ಫುಲಾ ಕಿತ್ತುಬಂದಿದೆ. ಭಾನುವಾರ ಯಲ್ಲಾಪುರಕ್ಕೆ ಹೋಗಬೇಕು, ಅಕ್ಕನ ಹತ್ತಿರ ಬೈಸಿಕೊಳ್ಳೋಕೆ.