ಕ್ರಿಪ್ಟೋ ಪಾವತಿಗೆ ಮುನ್ನ ವಾಲೆಟ್‌ನ ಪೂರ್ವಾಪರ ಪರಿಶೀಲನೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ದಿನದಿಂದ, ಕ್ರಿಪ್ಟೋ ಕರೆನ್ಸಿಯಲ್ಲಿ ಪಾವತಿಸುವ ಗ್ರಾಹಕರು ಯಾವ ವಾಲೆಟ್‌ನಿಂದ (ಕ್ರಿಪ್ಟೋ ಇರಿಸುವ ಡಿಜಿಟಲ್ ಖಾತೆಯಿಂದ) ಹಣ ಕಳಿಸಲಿದ್ದಾರೆಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನಮಗೆ ತಿಳಿಸಬೇಕಾಗುತ್ತದೆ. ಖಾತೆ ಸಂಖ್ಯೆಯಂತಿರುವ ಆ ವಾಲೆಟ್ ವಿಳಾಸದ ಪೂರ್ವಾಪರವನ್ನು ಪರಿಶೀಲಿಸಿದ ನಂತರವೇ ಹಣ ಸ್ವೀಕರಿಸುವ ನಮ್ಮ ವಿಳಾಸವನ್ನು ಕೊಡುತ್ತೇವೆ. ಬ್ಯಾಂಕ್ ಮೂಲಕ ಪಾವತಿಸುವವರಿಗೆ ಯಾವ ಬದಲಾವಣೆಯೂ ಇಲ್ಲ. ವರ್ಷಗಳಿಂದ ನಮ್ಮ ಸಹಕಾರ ಸಂಘವನ್ನು ನಂಬಿ ಕೆಲಸ ಕೊಟ್ಟವರಿಗೆ ಇದು ಅಪನಂಬಿಕೆಯ ಮಾತಿನಂತೆ ಕೇಳಿಸಬಹುದೆಂಬ ಅಳುಕು ನಮಗಿರುವುದರಿಂದ, ಕಾರಣವನ್ನು ವಿವರವಾಗಿ ತಿಳಿಸುತ್ತಿದ್ದೇವೆ.

ಕೆಲವು ತಿಂಗಳ ಹಿಂದೆ ಗ್ರಾಹಕರೊಬ್ಬರು ಕಳಿಸಿದ ಯುಎಸ್‌ಡಿಟಿ (ಡಾಲರ್ ಬೆಲೆಗೆ ಹೊಂದಿಸಿದ ಕ್ರಿಪ್ಟೋ ನಾಣ್ಯ) ನಿಮಿಷಗಳಲ್ಲೇ ನಮ್ಮ ವಾಲೆಟ್‌ಗೆ ಬಂದು ಸೇರಿತು. ಅದನ್ನು ಮಾರಲೆಂದು ಎಕ್ಸ್‌ಚೇಂಜ್‌ಗೆ (ಕ್ರಿಪ್ಟೋ ಕೊಳ್ಳುವ, ಮಾರುವ ವೇದಿಕೆಗೆ) ಕಳಿಸಿದ ಮರುದಿನ ಅಲ್ಲಿನ ನಮ್ಮ ಇಡೀ ಖಾತೆಯನ್ನೇ ತಡೆಹಿಡಿಯಲಾಯಿತು. ವಿಚಾರಿಸಿದಾಗ ತಿಳಿದದ್ದು, ಆ ಹಣ ಗ್ರಾಹಕರ ಕೈಗೆ ಬರುವುದಕ್ಕೆ ಎರಡು ವಹಿವಾಟು ಹಿಂದೆ, ಕದ್ದ ಹಣದ ನಂಟಿದ್ದ ವಿಳಾಸವೊಂದನ್ನು ಹಾದು ಬಂದಿತ್ತು. ಪರಿಚಯದವರಿಂದ ನೇರವಾಗಿ ಕೊಂಡಿದ್ದ ಆ ಗ್ರಾಹಕರಿಗೂ ಇದರ ಸುಳಿವಿರಲಿಲ್ಲ. ಬಿಲ್ಲು, ಒಪ್ಪಂದ, ಪತ್ರವ್ಯವಹಾರಗಳನ್ನೆಲ್ಲ ಒಪ್ಪಿಸಿ ಖಾತೆ ಬಿಡಿಸಿಕೊಳ್ಳುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಆ ತಿಂಗಳ ಸಂಬಳವನ್ನು ನಮ್ಮ ಸದಸ್ಯರಿಗೆ ಹೊತ್ತಿಗೆ ಸರಿಯಾಗಿ ಕೊಡಲಾಗಲಿಲ್ಲ.

ಹಣ ಬಂದ ಮೇಲೆ ಪರಿಶೀಲಿಸಿದರಾಗದೇ ಎಂದು ಕೆಲವರು ಕೇಳಿದ್ದಾರೆ. ಆದರೆ ಬ್ಲಾಕ್‌ಚೈನ್‌ನಲ್ಲಿ (ಕ್ರಿಪ್ಟೋ ವಹಿವಾಟೆಲ್ಲ ದಾಖಲಾಗುವ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ) ಬರುವ ಹಣವನ್ನು ಬೇಡವೆನ್ನುವ ಅವಕಾಶ ಪಡೆಯುವವರಿಗೆ ಇರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ಟೊರ್ನೇಡೊ ಕ್ಯಾಶ್ ಎಂಬ ಮಿಕ್ಸರನ್ನು (ಹಲವರ ಹಣ ಬೆರೆಸಿ ಅದರ ಮೂಲ ಮರೆಮಾಡುವ ಸೇವೆಯನ್ನು), ಯಾರೊಡನೆ ವ್ಯವಹರಿಸಬಾರದೆಂದು ಸೂಚಿಸುವ ನಿರ್ಬಂಧ ಪಟ್ಟಿಗೆ ಸೇರಿಸಿದ ಬೆನ್ನಲ್ಲೇ, ಯಾರೋ ಅಪರಿಚಿತರು ಅದರ ಮೂಲಕ ಅನೇಕ ಹೆಸರಾಂತ ವ್ಯಕ್ತಿಗಳ ವಾಲೆಟ್‌ಗಳಿಗೆ ತಲಾ 0.1 ಈಥರ್ (ಇಥೀರಿಯಂ ಬ್ಲಾಕ್‌ಚೈನ್‌ನ ನಾಣ್ಯ) ಕಳಿಸಿದರು. ಪಡೆದವರು ಅದನ್ನು ಕೇಳಿಯೂ ಇರಲಿಲ್ಲ, ತಡೆಯುವಂತೆಯೂ ಇರಲಿಲ್ಲ. ಆ ಮಿಕ್ಸರನ್ನು 2025ರ ಮಾರ್ಚ್‌ನಲ್ಲಿ ಪಟ್ಟಿಯಿಂದ ತೆಗೆಯಲಾಯಿತಾದರೂ, ಆ ಘಟನೆಯಿಂದ ನಾವು ಎರಡು ವಿಷಯಗಳನ್ನು ಮನಗಂಡಿದ್ದೇವೆ: ಪರಿಶೀಲನೆ ಮೊದಲೇ ಆಗಬೇಕು, ಮತ್ತು ಎಲ್ಲಿಂದಲೋ ಬಂದು ಬಿದ್ದ ಒಂದು ಚಿಲ್ಲರೆ ಮೊತ್ತದ ಮೇಲೆ ಯಾರನ್ನೂ ಅಳೆಯಬಾರದು.

ಹೀಗೆ ಓಡಾಡುವ ಕದ್ದ ಹಣದ ಪ್ರಮಾಣವೂ ಸಣ್ಣದಲ್ಲ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳವಾಯಿತು. ಇದು ಉತ್ತರ ಕೊರಿಯಾದವರ ಕೃತ್ಯವೆಂದ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಕಳವಿನ ಹಣ ಸಾವಿರಾರು ವಿಳಾಸಗಳಿಗೆ ಹಂಚಿಹೋಗಿದೆಯೆಂದು ಹೇಳಿ ಅವುಗಳಲ್ಲಿ ಕೆಲವನ್ನು ಪ್ರಕಟಿಸಿತು. ಹೀಗೆ ಹಂಚಿಹೋದ ಹಣ ಕೈಯಿಂದ ಕೈಗೆ ದಾಟಿ, ಏನೂ ಅರಿಯದವರ ವಾಲೆಟ್‌ಗೂ ಬಂದು ಸೇರಬಹುದು.

ಪರಿಶೀಲನೆಯಲ್ಲಿ ಗುಟ್ಟಿನದೇನೂ ಇಲ್ಲ. ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕ 2009ರ ಜನವರಿಯ ಮೊದಲ ಬ್ಲಾಕ್‌ನಿಂದಲೂ ಎಲ್ಲರಿಗೂ ತೆರೆದಿದೆ. ವಿಳಾಸ ಎಂದಿನಿಂದ ಬಳಕೆಯಲ್ಲಿದೆ, ಹಣ ಎಲ್ಲಿಂದ ಬಂದಿದೆ, ನಿರ್ಬಂಧ ಪಟ್ಟಿಯಲ್ಲಿರುವ ವಿಳಾಸಗಳೊಡನೆ ನೇರ ವಹಿವಾಟು ನಡೆದಿದೆಯೇ ಎಂಬುದನ್ನು ನೋಡುತ್ತೇವೆ. ಯುಎಸ್‌ಡಿಟಿ, ಯುಎಸ್‌ಡಿಸಿಗಳನ್ನು ಹೊರಡಿಸುವ ಕಂಪನಿಗಳಿಗೆ ಯಾವುದೇ ವಿಳಾಸವನ್ನು ಸ್ತಂಭನಗೊಳಿಸುವ ಅಧಿಕಾರವಿರುವುದರಿಂದ, ನಿಮ್ಮ ವಿಳಾಸ ಹಾಗೆ ಸ್ತಂಭನಗೊಂಡವುಗಳಲ್ಲಿ ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳುತ್ತೇವೆ. ವಿಶ್ಲೇಷಣಾ ಸಂಸ್ಥೆಯೊಂದರ ವರದಿಯನ್ನು ನಮ್ಮ ಖರ್ಚಿನಲ್ಲೇ ತರಿಸುತ್ತೇವಾದರೂ, ಅದು ಕೊಡುವ ಅಪಾಯದ ಅಂಕವನ್ನೇ ತೀರ್ಪೆಂದು ಒಪ್ಪುವುದಿಲ್ಲ. ಎಕ್ಸ್‌ಚೇಂಜ್‌ನ ಒಂದೇ ವಾಲೆಟ್‌ನಿಂದ ಅಸಂಖ್ಯ ಜನರ ಹಣ ಹೊರಡುವುದರಿಂದ, ಅದರ ಚರಿತ್ರೆ ನಿಮ್ಮ ಚರಿತ್ರೆಯಾಗದು. ಎಕ್ಸ್‌ಚೇಂಜ್‌ನಿಂದಲೇ ಕಳಿಸುವವರು ಅದರ ಹೆಸರನ್ನೂ ಹಣ ಹೊರತೆಗೆದ ದಾಖಲೆಯನ್ನೂ ಕೊಟ್ಟರೆ ಸಾಕು. ಹೊಸ ವಾಲೆಟ್ ತೆರೆದು ಕೊಟ್ಟರೆ ನಮ್ಮ ಅಭ್ಯಂತರವಿಲ್ಲ; ಆದರೆ ಅದಕ್ಕೆ ಹಣ ತುಂಬಿದ ವಾಲೆಟನ್ನು ಆಗ ನೋಡಬೇಕಾಗುತ್ತದೆ.

ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಿ ತಮ್ಮದೆನ್ನಬಹುದಾದ್ದರಿಂದ, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕವಿರುವ ಒಂದು ಸಾಲಿಗೆ ವಾಲೆಟ್‌ನಲ್ಲಿ ಡಿಜಿಟಲ್ ಸಹಿ ಮಾಡಿ ಕಳಿಸುವಂತೆ ಕೋರುತ್ತೇವೆ. ಇದಕ್ಕೆ ಶುಲ್ಕವಿಲ್ಲ, ಹಣವೂ ಕದಲುವುದಿಲ್ಲ. ಸಹಿಗೆ ಮುನ್ನ ತೆರೆಯ ಮೇಲಿನ ಬರಹವನ್ನು ದಯವಿಟ್ಟು ಪೂರ್ತಿ ಓದಿ. ನಿಮ್ಮ ಟೋಕನ್ (ಕ್ರಿಪ್ಟೋ ನಾಣ್ಯ) ಖರ್ಚು ಮಾಡಲು ಅನುಮತಿ ಕೇಳುವ ಯಾವುದೇ ಕೋರಿಕೆ ನಮ್ಮಿಂದ ಬಂದದ್ದಲ್ಲ. ವಾಲೆಟ್‌ನ ಕೀಲಿಯಂತಿರುವ ನಿಮ್ಮ 12 ಅಥವಾ 24 ಗುಪ್ತಪದಗಳನ್ನು ನಾವು ಎಂದಿಗೂ ಕೇಳುವುದಿಲ್ಲ. ನಮಗೆ ಹಣ ಕಳಿಸುವಾಗ ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸವನ್ನು ನಕಲಿಸಬೇಡಿ. ಇಥೀರಿಯಂ ವಿಳಾಸದಲ್ಲಿ ಆರಂಭದ 0x ನಂತರ 40 ಅಕ್ಷರಗಳಿದ್ದರೂ ವಾಲೆಟ್‌ಗಳು ಸಾಮಾನ್ಯವಾಗಿ ತೋರಿಸುವುದು ಮೊದಲ ಮತ್ತು ಕೊನೆಯ ಕೆಲವನ್ನಷ್ಟೇ. ಅಷ್ಟು ಮಾತ್ರ ಹೊಂದುವ ವಿಳಾಸ ಸೃಷ್ಟಿಸಿ, ಅದರಿಂದ ಸೊನ್ನೆ ಮೊತ್ತದ ವಹಿವಾಟು ನಡೆಸಿ, ನಿಮ್ಮ ಪಟ್ಟಿಯಲ್ಲಿ ಬಂದು ಕೂರುವ ವಂಚಕರಿದ್ದಾರೆ.

ವಿಳಾಸವೊಂದು ತಿಳಿದರೆ ಅದರ ಹಿಂದಿನ ವಹಿವಾಟೆಲ್ಲ ಕಣ್ಣಿಗೆ ಬೀಳುತ್ತದೆಂಬ ನಿಮ್ಮ ಸಂಕೋಚ ನ್ಯಾಯವಾದದ್ದು. ಆದ್ದರಿಂದ ಇದನ್ನು ನಮ್ಮಲ್ಲಿ ಇಬ್ಬರು ಮಾತ್ರ ನೋಡುತ್ತಾರೆ. ಪರಿಶೀಲಿಸಿದ ದಿನಾಂಕ ಮತ್ತು ಫಲಿತಾಂಶವನ್ನಷ್ಟೇ ದಾಖಲಿಸಿಕೊಂಡು ವರದಿಯನ್ನು ಅಳಿಸುತ್ತೇವೆ. ಎರಡು ಕೆಲಸದ ದಿನಗಳಲ್ಲಿ ಉತ್ತರ ಕೊಡುತ್ತೇವೆ. ಅನುಮಾನ ಬಂದರೆ ಮೊದಲು ನಿಮ್ಮನ್ನೇ ಕೇಳುತ್ತೇವೆ. ಸಮಾಧಾನಕರ ವಿವರಣೆ ಸಿಗದಿದ್ದಲ್ಲಿ ಬ್ಯಾಂಕ್ ಮೂಲಕ ಪಾವತಿಸಲು ಕೋರುತ್ತೇವೆ. ನಿರ್ಬಂಧ ಪಟ್ಟಿಯಲ್ಲಿರುವವರ ಕೆಲಸವನ್ನು ಮಾತ್ರ ಯಾವ ರೀತಿಯಲ್ಲೂ ಒಪ್ಪಿಕೊಳ್ಳಲಾಗದು.

ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೆ ಈ ಕ್ರಮ ಮುಂದಿನ ಕಂತಿನಿಂದ ಅನ್ವಯವಾಗುತ್ತದೆ. ಅಂಥ ಗ್ರಾಹಕರು ಈ ತಿಂಗಳ ಕೊನೆಯೊಳಗೆ ತಮ್ಮ ವಾಲೆಟ್ ವಿಳಾಸವನ್ನು ಈ ಪತ್ರಕ್ಕೆ ಉತ್ತರವಾಗಿ ಕಳಿಸಿಕೊಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಸದಸ್ಯರೆಲ್ಲರ ಪರವಾಗಿ)